ದಸರೆಯ ಕುಸ್ತಿ, ಮುದ್ದೆ-ಸಾರು ಮತ್ತು ಎಂಟು ಜನ ಗೆಳೆಯರು

ಮೈಸೂರು ದಸರೆಯ ಕುಸ್ತಿ ನೋಡಬೇಕೆಂದು ಆಯುಧಪೂಜೆಯ ರಜೆಗೆ ಬಸ್ಸು ಹತ್ತಿ ಬರುವವರು ಪ್ರತಿ ವರ್ಷವೂ ಇರುತ್ತಾರೆ. ಬಂದು ನೋಡಿದರೆ ಅಖಾಡ ಖಾಲಿ. ನಾಡಕುಸ್ತಿ, ಅಂದರೆ ಮಣ್ಣಿನ ಮೇಲೆ ಆಡುವ ಹಳೆಯ ಪದ್ಧತಿಯ ಕುಸ್ತಿ, ನವರಾತ್ರಿಯ ಮೊದಲ ದಿನಗಳಲ್ಲೇ ಶುರುವಾಗಿ, ಸಾಮಾನ್ಯವಾಗಿ ಆರೇಳು ದಿನದಲ್ಲಿ ಮುಗಿದುಹೋಗುತ್ತದೆ. ಆಯುಧಪೂಜೆ ಒಂಬತ್ತನೆಯ ದಿನ, ವಿಜಯದಶಮಿ ಹತ್ತನೆಯ ದಿನ. ಹಾಗಾಗಿ ಕುಸ್ತಿಗೆಂದೇ ಗೆಳೆಯರನ್ನು ಕರೆಯುವುದಾದರೆ ನವರಾತ್ರಿಯೊಳಗೆ ಮೊದಲು ಬರುವ ಶನಿವಾರ-ಭಾನುವಾರ ಹಿಡಿಯಿರಿ. ಶಾಲೆಗಳಿಗೂ ದಸರಾ ರಜೆ ಇರುತ್ತದೆ, ಜಂಬೂಸವಾರಿಯ ನೂಕುನುಗ್ಗಲು ಇನ್ನೂ ಬಂದಿರುವುದಿಲ್ಲ, ಉಳಿದುಕೊಳ್ಳಲು ಕೋಣೆಯೂ ಸಿಗುತ್ತದೆ.

ಕುಸ್ತಿ ನಡೆಯುವುದು ದೊಡ್ಡಕೆರೆ ಮೈದಾನದ ಕಡೆ, ದಸರಾ ವಸ್ತುಪ್ರದರ್ಶನದ ಆವರಣಕ್ಕೆ ಸೇರಿದ ಹಾಗಿರುವ ಡಿ. ದೇವರಾಜ ಅರಸು ವಿವಿಧೋದ್ದೇಶ ಕ್ರೀಡಾಂಗಣದಲ್ಲಿ. ಅಲ್ಲಿನ ಸಾಹುಕಾರ್ ಚನ್ನಯ್ಯ ಕುಸ್ತಿ ಅಖಾಡ ಎಂದರೆ ಆಟೋದವರಿಗೆಲ್ಲ ಗೊತ್ತು. ನಾಡಕುಸ್ತಿ ಮಧ್ಯಾಹ್ನ ಬಿಸಿಲು ಇಳಿಯುವ ಹೊತ್ತಿಗೆ ಶುರು, ಮೂರೂವರೆ ನಾಲ್ಕು ಅಂದುಕೊಳ್ಳಿ. ಆಯಾ ವರ್ಷದ ಸಮಯವನ್ನು ಕರಪತ್ರದಲ್ಲೋ ಪತ್ರಿಕೆಯಲ್ಲೋ ನೋಡಿಕೊಂಡೇ ಹೊರಡಿ. ಮಧ್ಯಾಹ್ನದ ಊಟ ಎಷ್ಟಕ್ಕೆ, ಒಲೆ ಹಚ್ಚುವುದು ಎಷ್ಟಕ್ಕೆ, ಕಾಳು ನೆನೆಸುವುದು ಯಾವಾಗ ಅನ್ನುವುದೆಲ್ಲ ಕುಸ್ತಿ ಶುರುವಾಗುವ ಈ ಹೊತ್ತಿನಿಂದ ಹಿಂದಕ್ಕೆ ಎಣಿಸಿ ಬರಬೇಕು. ಹೊಟ್ಟೆ ಬಿರಿಯೆ ಮುದ್ದೆ ಉಂಡು ಮೂರು ಗಂಟೆಗೆ ಚಾಪೆ ಹಾಸಿಕೊಂಡರೆ ಆ ದಿನದ ಕುಸ್ತಿ ಮುಗಿದ ಹಾಗೆಯೇ. ಊಟ ಹನ್ನೆರಡೂವರೆಗೆ ಬಡಿಸಬೇಕು, ಮೂರಕ್ಕೆ ಮನೆ ಬಿಡಬೇಕು.

ಊಟದಿಂದಲೇ ಶುರು ಮಾಡೋಣ. ಹಬ್ಬದ ವಾರದಲ್ಲಿ ಬಾಡೂಟ ಅನ್ನುವ ಮಾತಿಗೆ ಮೊದಲು ಮನೆಯವರ ಒಪ್ಪಿಗೆ ಬೇಕು. ಹಳೇ ಮೈಸೂರು ಕಡೆ ಬಾಡು ತಿನ್ನುವ ಎಷ್ಟೋ ಮನೆಗಳಲ್ಲಿ ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆಯಿಟ್ಟು ಬಾಡೂಟ ಮಾಡುತ್ತಾರೆ, ಮಾರನೆಯ ದಿನದಿಂದ ನವರಾತ್ರಿ ಮುಗಿಯುವವರೆಗೆ ಮುಟ್ಟುವುದಿಲ್ಲ. ಬೊಂಬೆ ಕೂರಿಸಿದ ಮನೆಯಲ್ಲಂತೂ ಆ ಮಾತೇ ಬೇಡ. ಎಂಟು ಜನ ಸೇರಿದರೆ ಅದರಲ್ಲಿ ಮೂರು ಜನವಾದರೂ ಈ ನೇಮದವರಿರುತ್ತಾರೆ. ಅದಕ್ಕೇ ಎರಡು ಸಾರು ಮಾಡುವುದು ಒಳ್ಳೆಯದು: ಒಂದು ಮಟನ್ ಸಾರು, ಒಂದು ಹುರುಳಿಕಾಳು ಬಸ್ಸಾರು. ಎರಡಕ್ಕೂ ಮುದ್ದೆ ಒಂದೇ. ಹುರುಳಿಯನ್ನು ಮೊದಲು ಮಾಡಿ ಮುಗಿಸಿ ಪಕ್ಕಕ್ಕಿಡಿ. ಸೌಟು, ಮಿಕ್ಸಿ ಜಾರು ಎರಡೂ ಬೇರೆ ಇರಲಿ. ಮಟನ್ ಖಾರ ರುಬ್ಬಿದ ಜಾರಿನಲ್ಲೇ ಹುರುಳಿಗೂ ರುಬ್ಬಿ ನೇಮದವರಿಗೆ ಬಡಿಸುವುದು ಸರಿಯಲ್ಲ, ಅವರು ಕೇಳದಿದ್ದರೂ.

ಶುಕ್ರವಾರ ರಾತ್ರಿ ಅರ್ಧ ಕೆ.ಜಿ. ಹುರುಳಿ ಆರಿಸಿ, ಕಲ್ಲು ತೆಗೆದು ನೆನೆಸಿ. ಹುರುಳಿಯಲ್ಲಿ ಅದೇ ಬಣ್ಣದ ಸಣ್ಣ ಕಲ್ಲು ಇರುತ್ತದೆ. ನೀರಿನಲ್ಲಿ ಜಾಲಿಸಿ ತೆಗೆಯದಿದ್ದರೆ ಹಲ್ಲಿಗೆ ಸಿಕ್ಕೇ ಸಿಗುತ್ತದೆ. ಬೆಳಿಗ್ಗೆ ಆ ನೀರು ಚೆಲ್ಲಿ, ಮೂರು ಲೀಟರ್ ಹೊಸ ನೀರಿನಲ್ಲಿ ಕುಕ್ಕರಿನಲ್ಲಿ ಆರೇಳು ಕೂಗು. ಕಾಳು ಬೆರಳಲ್ಲಿ ಹಿಸುಕಿದರೆ ಹಿಟ್ಟಾಗಬೇಕು, ಸಿಪ್ಪೆ ಮಾತ್ರ ಒಡೆಯದೆ ನಿಂತಿರಬೇಕು. ಬಸಿದರೆ ಎರಡು ಲೀಟರಿನಷ್ಟು ಕಟ್ಟು ಬರುತ್ತದೆ. ಒಂದು ಈರುಳ್ಳಿ, ಹತ್ತು ಎಸಳು ಬೆಳ್ಳುಳ್ಳಿ ಎಣ್ಣೆಯಲ್ಲಿ ಕೆಂಪಗೆ ಬಾಡಿಸಿ, ಕಾಲು ಹೋಳು ತೆಂಗಿನಕಾಯಿ, ಮೂರು ಚಮಚ ಸಾರಿನ ಪುಡಿ, ಸಣ್ಣ ನಿಂಬೆ ಗಾತ್ರದ ಹುಣಸೆ, ಬೆಂದ ಕಾಳಿನಲ್ಲೇ ಎರಡು ಸೌಟು ಸೇರಿಸಿ ನುಣ್ಣಗೆ ರುಬ್ಬಿ. ಕಾಳು ಸೇರಿಸಿ ರುಬ್ಬುವುದನ್ನು ಬಿಟ್ಟರೆ ಸಾರು ಸ್ವಲ್ಪ ಹೊತ್ತಿಗೇ ಮೇಲೆ ನೀರು, ಕೆಳಗೆ ಗಸಿ ಎಂದು ಬೇರೆಯಾಗುತ್ತದೆ. ಕಟ್ಟಿಗೆ ಬೆರೆಸಿ ಸಣ್ಣ ಉರಿಯಲ್ಲಿ ಇಪ್ಪತ್ತು ನಿಮಿಷ ಕುದಿಸಿ, ಸಾಸಿವೆ, ಜಜ್ಜಿದ ಬೆಳ್ಳುಳ್ಳಿ, ಕರಿಬೇವು, ಒಣಮೆಣಸಿನಕಾಯಿಯ ಒಗ್ಗರಣೆ ಕೊಡಿ. ಉಳಿದ ಕಾಳಿಗೆ ಈರುಳ್ಳಿ, ಹಸಿಮೆಣಸಿನಕಾಯಿ, ಕಾಯಿತುರಿ ಹಾಕಿದರೆ ಪಲ್ಯ. ಬಸ್ಸಾರು ಮಾಡಿದ ದಿನಕ್ಕಿಂತ ಮಾರನೆಯ ದಿನ ಚೆನ್ನ, ಭಾನುವಾರಕ್ಕೂ ಸ್ವಲ್ಪ ಎತ್ತಿಡಿ.

ಮಟನ್ ಎಂದರೆ ಈ ಸೀಮೆಯಲ್ಲಿ ಬನ್ನೂರು ಕುರಿಯ ಹೆಸರು ಬಂದೇ ಬರುತ್ತದೆ. ಮಂಡ್ಯ ತಳಿ ಎಂದೂ ಕರೆಯುವ ಈ ಕುರಿ ಕುಳ್ಳು ಕಾಲಿನದು, ಅಗಲ ಬೆನ್ನಿನದು. ಹಿಂದಿನಿಂದ ನೋಡಿದರೆ ತೊಡೆಗಳ ನಡುವೆ ಬೋರಲು ಹಾಕಿದ ಲಾಳದ ಆಕಾರ ಕಾಣುತ್ತದೆ. ಅಪ್ಪಟ ತಳಿ ಈಗ ಅಪರೂಪ. ಅಂಗಡಿಯ ಫಲಕ ನೋಡಿ ನಂಬುವ ಬದಲು ಮಾಂಸ ನೋಡಿ: ತಿಳಿ ಗುಲಾಬಿ ಬಣ್ಣ, ಬಿಳಿ ಕೊಬ್ಬು, ಒತ್ತಿದರೆ ಹಿಂದಕ್ಕೆ ಚಿಮ್ಮುವ ಹದ ಇರಬೇಕು. ಕಡುಗೆಂಪಾಗಿ, ಕೊಬ್ಬು ಹಳದಿಗೆ ತಿರುಗಿದ್ದರೆ ವಯಸ್ಸಾದ ಕುರಿ. ಎಂಟು ಜನಕ್ಕೆ ಎರಡು ಕೆ.ಜಿ. ಸಾಕು. ಅದರಲ್ಲಿ ಅರ್ಧ ತೊಡೆ, ಉಳಿದದ್ದು ಪಕ್ಕೆಲುಬು ಮತ್ತು ನಲ್ಲಿಮೂಳೆ. ಬರೀ ತೊಡೆ ಕೇಳಿ ತಂದರೆ ಸಾರಿಗೆ ರುಚಿ ಇಳಿಯುವುದಿಲ್ಲ.

ಖಾರಕ್ಕೆ: ನಾಲ್ಕು ಮಧ್ಯಮ ಈರುಳ್ಳಿ, ಎರಡು ಗೆಡ್ಡೆ ಬೆಳ್ಳುಳ್ಳಿ, ಎರಡು ಅಂಗುಲ ಶುಂಠಿ, ಎರಡು ತುಂಡು ಚಕ್ಕೆ, ಎಂಟು ಲವಂಗ, ಒಂದೂವರೆ ಟೀ ಚಮಚ ಕಾಳುಮೆಣಸು, ಐದು ದೊಡ್ಡ ಚಮಚ ಧನಿಯಾ ಪುಡಿ, ಮೂರು ದೊಡ್ಡ ಚಮಚ ಅಚ್ಚಖಾರದ ಪುಡಿ, ಮೂರು ಟೊಮ್ಯಾಟೊ, ಒಂದು ದೊಡ್ಡ ಹಿಡಿ ಕೊತ್ತಂಬರಿ ಸೊಪ್ಪು. ಕಾಯಿಗೆ ಬೇರೆ: ಅರ್ಧ ತೆಂಗಿನಕಾಯಿ, ಎರಡು ದೊಡ್ಡ ಚಮಚ ಹುರಿಗಡಲೆ, ಒಂದು ದೊಡ್ಡ ಚಮಚ ಗಸಗಸೆ. ಎರಡನ್ನೂ ಒಟ್ಟಿಗೆ ರುಬ್ಬಿಬಿಡುವ ಆತುರ ಬೇಡ. ಖಾರ ಮೊದಲು ಹೋಗುತ್ತದೆ, ಕಾಯಿ ಕೊನೆಗೆ. ಕಾಯಿ ಮೊದಲೇ ಹೋದರೆ ತಳ ಹಿಡಿಯುತ್ತದೆ, ಹೆಚ್ಚು ಕುದಿದು ಒಡೆಯುತ್ತದೆ. ಸಾರಿನ ಮೇಲೆ ಮೊಸರು ಒಡೆದ ಹಾಗೆ ಬಿಳಿ ಕಣ ತೇಲಿದರೆ ಕಾರಣ ಅದೇ.

ಗಟ್ಟಿ ತಳದ ಪಾತ್ರೆಯಲ್ಲಿ ಆರು ಚಮಚ ಎಣ್ಣೆ, ಒಂದು ಹೆಚ್ಚಿದ ಈರುಳ್ಳಿ, ಮೇಲೆ ಮಟನ್, ಒಂದು ಚಮಚ ಅರಿಶಿನ, ಒಂದು ಚಮಚ ಉಪ್ಪು. ಮಾಂಸ ಮೊದಲು ನೀರು ಬಿಡುತ್ತದೆ. ಆ ನೀರು ಪೂರ್ತಿ ಇಂಗಿ ಎಣ್ಣೆ ಮತ್ತೆ ಚಟಪಟ ಅನ್ನುವವರೆಗೆ, ಹತ್ತು ಹನ್ನೆರಡು ನಿಮಿಷ, ಕೈ ಬಿಡದೆ ಹುರಿಯಬೇಕು. ಸಾರಿನಲ್ಲಿ ಹಸಿ ಮಾಂಸದ ವಾಸನೆ ಉಳಿದಿದೆ ಎಂದರೆ ಹತ್ತಕ್ಕೆ ಒಂಬತ್ತು ಸಲ ಈ ಹಂತವನ್ನು ಅರ್ಧಕ್ಕೆ ಬಿಟ್ಟಿರುತ್ತಾರೆ. ಆಮೇಲೆ ಖಾರ ಹಾಕಿ, ಎಣ್ಣೆ ಬದಿಗೆ ಬರುವವರೆಗೆ ಹುರಿದು, ಎರಡು ಲೀಟರ್ ಬಿಸಿನೀರು ಸೇರಿಸಿ. ಎಳೆಯ ಕುರಿಯಾದರೆ ಕುಕ್ಕರಿನಲ್ಲಿ ನಾಲ್ಕು ಕೂಗು, ಬಲಿತದ್ದಾದರೆ ಏಳು. ತೆರೆದ ಪಾತ್ರೆಯಲ್ಲಾದರೆ ಒಂದೂಕಾಲು ಗಂಟೆ, ಸಾರಿನ ರುಚಿಗೆ ಇದೇ ಮೇಲು. ಮಾಂಸ ಬೆಂದ ಮೇಲೆ ಕಾಯಿ ರುಬ್ಬಿದ್ದನ್ನು ಹಾಕಿ, ಉಪ್ಪು ನೋಡಿ, ಎರಡು ಕುದಿ ಬಂದೊಡನೆ ಇಳಿಸಿ. ಮುದ್ದೆಗೆ ಮಾಡುವ ಸಾರು ಅನ್ನದ ಸಾರಿಗಿಂತ ತೆಳ್ಳಗಿರಬೇಕು, ಆದರೆ ಮುರಿದ ಮುದ್ದೆಗೆ ಅಂಟಿಕೊಳ್ಳುವಷ್ಟು ಮೈ ಇರಬೇಕು. ಇಳಿಸಿ ಅರ್ಧ ಗಂಟೆ ಮುಚ್ಚಿಡಿ. ಅಷ್ಟರಲ್ಲಿ ಮುದ್ದೆ ಆಗುತ್ತದೆ.

ಎಂಟು ಮುದ್ದೆಗೆ ನಾಲ್ಕು ಲೋಟ ರಾಗಿ ಹಿಟ್ಟು, ಎಂಟು ಲೋಟ ನೀರು. ಹಿಟ್ಟು ಹೊಸದಾಗಿದ್ದರೆ ಅರ್ಧ ಲೋಟ ನೀರು ಕಡಿಮೆ ಇಟ್ಟು ಶುರು ಮಾಡಿ, ಬೇಕಾದರೆ ಕೊನೆಗೆ ಬಿಸಿನೀರು ಚಿಮುಕಿಸಬಹುದು. ಹೆಚ್ಚಾದ ನೀರನ್ನು ಮಾತ್ರ ವಾಪಸ್ಸು ತೆಗೆಯಲಾಗದು. ನೀರಿಗೆ ಚಿಟಿಕೆ ಉಪ್ಪು, ಎರಡು ಚಮಚ ಹಿಟ್ಟನ್ನು ತಣ್ಣೀರಿನಲ್ಲಿ ಕದಡಿ ಹಾಕಿ ಕುದಿಸಿ. ಅಂಬಲಿಯ ಹಾಗೆ ಉಕ್ಕಿ ಬಂದಾಗ ಉಳಿದ ಹಿಟ್ಟನ್ನು ನಡುವೆ ಗುಡ್ಡೆಯಾಗಿ ಸುರಿಯಿರಿ. ಈಗ ಕಲಕಬಾರದು. ಕೋಲಿನಿಂದ ಗುಡ್ಡೆಯ ನಡುವೆ ಒಂದು ತೂತು ಮಾಡಿ, ಮುಚ್ಚಿ, ಸಣ್ಣ ಉರಿಯಲ್ಲಿ ಎಂಟು ಹತ್ತು ನಿಮಿಷ ಬಿಡಿ. ನೀರು ಆ ತೂತಿನಿಂದ ಮೇಲೆದ್ದು ಹಿಟ್ಟನ್ನು ಒಳಗಿನಿಂದ ಬೇಯಿಸುತ್ತದೆ. ಸುರಿದ ತಕ್ಷಣ ಕಲಕಿದರೆ ಹಸಿ ಹಿಟ್ಟಿನ ಸುತ್ತ ಬೆಂದ ಪದರ ಕಟ್ಟಿಕೊಂಡು ಗಂಟಾಗುತ್ತದೆ. ಆ ಗಂಟನ್ನು ಆಮೇಲೆ ಎಷ್ಟು ತಿರುವಿದರೂ ಒಡೆಯಲಾಗುವುದಿಲ್ಲ. ಹತ್ತು ನಿಮಿಷವಾದ ಮೇಲೆ ಪಾತ್ರೆಯನ್ನು ನೆಲಕ್ಕಿಳಿಸಿ, ಕವೆಗೋಲಿನಿಂದ ಒತ್ತಿ ಹಿಡಿದು, ಕೋಲನ್ನು ಅಂಚಿಗೆ ಒತ್ತುತ್ತಾ ತಿರುವಿ. ಎಂಟು ಮುದ್ದೆಯ ಹಿಟ್ಟು ತಿರುವಲು ತೋಳಿನಲ್ಲಿ ನಿಜವಾದ ಕಸುವು ಬೇಕು, ಇಬ್ಬರು ಸರದಿಯಲ್ಲಿ ಮಾಡಿ. ಮತ್ತೆ ಮೂರು ನಿಮಿಷ ಸಣ್ಣ ಉರಿ, ಮತ್ತೊಮ್ಮೆ ತಿರುವು. ಒದ್ದೆ ಬೆರಳಿನಿಂದ ಮುಟ್ಟಿದರೆ ಅಂಟಬಾರದು. ಒದ್ದೆ ಹಲಗೆಯ ಮೇಲೆ, ಒದ್ದೆ ಕೈಯಲ್ಲಿ, ಬಿಸಿ ಇರುವಾಗಲೇ ಉಂಡೆ ಕಟ್ಟಿ. ಆರಿದ ಮೇಲೆ ಕಟ್ಟಿದರೆ ಮೇಲೆ ಬಿರುಕು ಬಿಡುತ್ತದೆ.

ಊಟದ ಕೊನೆಗೆ ನಂಜನಗೂಡು ರಸಬಾಳೆ ಸಿಕ್ಕರೆ ತಲಾ ಒಂದು, ಮೇಲೆ ಮೈಸೂರು ಚಿಗುರೆಲೆ. ಅಷ್ಟಕ್ಕೇ ನಿಲ್ಲಿಸಿ, ಮೈಸೂರು ಪಾಕು ಸಂಜೆಗಿರಲಿ.

ಇನ್ನು ಅಖಾಡ. ಹೊರಡುವಾಗ ನೀರು, ಟೋಪಿ, ಕೂರಲು ಒಂದು ಟವೆಲ್ಲು ಸಾಕು. ಕಲ್ಲಿನ ಮೆಟ್ಟಿಲು ಮಧ್ಯಾಹ್ನದ ಬಿಸಿಲಿಗೆ ಕಾದಿರುತ್ತದೆ. ಪಶ್ಚಿಮಕ್ಕೆ ಬೆನ್ನು ಕೊಟ್ಟು ಕುಳಿತರೆ ಇಳಿಬಿಸಿಲು ಕಣ್ಣಿಗೆ ಹೊಡೆಯುವುದಿಲ್ಲ. ತೀರ ಮುಂದಿನ ಸಾಲಿಗಿಂತ ನಾಲ್ಕೈದು ಮೆಟ್ಟಿಲು ಮೇಲೆ ಕುಳಿತರೆ ಮಟ್ಟಿಯ (ಕುಸ್ತಿಯ ಮಣ್ಣಿನ ಕಣದ) ಮೇಲೆ ಬೋರಲಾದ ಪೈಲ್ವಾನನ ಭುಜ ನೆಲದಿಂದ ಎಷ್ಟು ಮೇಲಿದೆ ಅನ್ನುವುದು ಸರಿಯಾಗಿ ಕಾಣುತ್ತದೆ.

ಯಾರ ಮೇಲೆ ಯಾರು ಅನ್ನುವುದು ಅಂದು ತೀರ್ಮಾನವಾಗುವುದಲ್ಲ. ದಸರೆಗೆ ಮೊದಲೇ ಜೋಡಿ ಕಟ್ಟುವ ದಿನವಿರುತ್ತದೆ. ಗರಡಿಗಳ ಉಸ್ತಾದರು, ಅಂದರೆ ಕುಸ್ತಿ ಕಲಿಸುವ ಗುರುಗಳು, ತಮ್ಮ ಹುಡುಗರನ್ನು ಕರೆತರುತ್ತಾರೆ. ವಯಸ್ಸು, ತೂಕ, ಹಿಂದೆ ಆಡಿದ ಕುಸ್ತಿ ನೋಡಿ, ಇಬ್ಬರನ್ನೂ ಎದುರುಬದುರು ನಿಲ್ಲಿಸಿ, ಕೈ ಕುಲುಕಿಸಿ ಜೋಡಿ ಗಟ್ಟಿ ಮಾಡುತ್ತಾರೆ. ಒಳ್ಳೆಯ ಕುಸ್ತಿ ಅರ್ಧ ಹುಟ್ಟುವುದೇ ಈ ದಿನ. ಜೋಡಿ ತಪ್ಪಿದರೆ ಒಂದೋ ಅರ್ಧ ನಿಮಿಷದಲ್ಲಿ ಮುಗಿಯುತ್ತದೆ, ಇಲ್ಲವೇ ಒಬ್ಬ ಬೋರಲು ಮಲಗಿಬಿಟ್ಟು ಹೊತ್ತು ಕಳೆಯುತ್ತಾನೆ. ಗೆಳೆಯರಲ್ಲಿ ಯಾರಾದರೂ ಮೈಸೂರಿನಲ್ಲೇ ಇದ್ದರೆ ಜೋಡಿ ಕಟ್ಟುವುದನ್ನೂ ನೋಡಿ ಬರಲಿ, ಶನಿವಾರದ ಜೋಡಿಗಳಲ್ಲಿ ಯಾವುದಕ್ಕೆ ಕಾಯಬೇಕು ಎಂದು ಗೊತ್ತಾಗುತ್ತದೆ.

ಮಟ್ಟಿಯ ಮಣ್ಣನ್ನು ಮೊದಲು ನೋಡಿ. ಕೆಮ್ಮಣ್ಣನ್ನು ಜರಡಿ ಹಿಡಿದು, ಕಲ್ಲು ಬೇರು ತೆಗೆದು, ಎಳ್ಳೆಣ್ಣೆ, ಮಜ್ಜಿಗೆ, ಅರಿಶಿನ, ಕುಂಕುಮ, ನಿಂಬೆರಸ, ಕರ್ಪೂರ ಬೆರೆಸಿ ಹದ ಮಾಡುತ್ತಾರೆ. ಎಣ್ಣೆ ಮತ್ತು ಮಜ್ಜಿಗೆಯಿಂದ ಮಣ್ಣು ಬೇಗ ಒಣಗದೆ ಮೃದುವಾಗಿರುತ್ತದೆ, ಧೂಳೇಳುವುದಿಲ್ಲ, ಮೈ ತರಚುವುದು ಕಡಿಮೆ. ಗಾಯ ಕೀವಾಗದಿರಲಿ ಎಂದು ಅರಿಶಿನ. ಮಣ್ಣು ಒಣಗಿದ್ದರೆ ಪುಡಿ ಕಣ್ಣಿಗೆ ಹೋಗುತ್ತದೆ, ಕೆಳಗಿನ ಪದರ ಗಟ್ಟಿಯಾಗಿ ಬಿದ್ದವನ ಬೆನ್ನಿಗೆ ಪೆಟ್ಟಾಗುತ್ತದೆ. ತೇವ ಹೆಚ್ಚಿದ್ದರೆ ಕಾಲು ಜಾರಿ ಮಂಡಿ ತಿರುಚುತ್ತದೆ. ಹದವಾದ ಮಣ್ಣನ್ನು ಮುಷ್ಟಿಯಲ್ಲಿ ಹಿಸುಕಿದರೆ ಉಂಡೆಯಾಗಬೇಕು, ಬೆರಳಲ್ಲಿ ತಿವಿದರೆ ಉದುರಬೇಕು. ಕುಸ್ತಿಗೆ ಮೊದಲು ಪೈಲ್ವಾನರು ಒಬ್ಬರ ಮೈಗೆ ಒಬ್ಬರು ಮಣ್ಣು ಎರಚುವುದಕ್ಕೂ ಕಾರಣವಿದೆ: ಬೆವರಿದ ಮೈ ಜಾರುತ್ತದೆ, ಮಣ್ಣು ಬಿದ್ದರೆ ಹಿಡಿತ ಸಿಗುತ್ತದೆ. ಎದುರಾಳಿಗೆ ನನ್ನನ್ನು ಹಿಡಿಯಲು ಆಗಲಿ ಎಂದು ಅವಕಾಶ ಕೊಡುವ ಆ ಮರ್ಯಾದೆ ನಾಡಕುಸ್ತಿಯ ಅತಿ ಚೆಂದದ ಗಳಿಗೆ.

ನಿಯಮ ಒಂದೇ ಸಾಲಿನದು. ಎದುರಾಳಿಯ ಎರಡೂ ಭುಜ ನೆಲಕ್ಕೆ ತಾಗಿಸಿದರೆ ಚಿತ್, ಅಲ್ಲಿಗೆ ಕುಸ್ತಿ ಮುಗಿಯಿತು. ಅಂಕವಿಲ್ಲ. ಕೊಟ್ಟ ಅವಧಿಯಲ್ಲಿ ಚಿತ್ ಆಗದಿದ್ದರೆ ಸಮ. ಗುದ್ದುವುದು, ಗಂಟಲು ಹಿಸುಕುವುದು, ಬೆರಳು ತಿರುಚುವುದು ಇಲ್ಲ. ಮಾರ್ಫಿಟ್ ಎಂದು ಕೂಗಿ ಕರೆಯುವ ದೊಡ್ಡ ಜೋಡಿಗಳು ಸಂಜೆಯ ಕೊನೆಗೆ ಬರುತ್ತವೆ, ಎದ್ದು ಹೋಗಬೇಡಿ.

ಹೊಸಬರು ಕೈಗಳನ್ನೇ ನೋಡುತ್ತಾರೆ. ಕೈ ಕತ್ತಿನ ಮೇಲೆ, ತೋಳಿನ ಮೇಲೆ ಸುಮ್ಮನೆ ಎಳೆದಾಡುತ್ತಿರುವ ಹಾಗೆ ಕಾಣುತ್ತದೆ, ಬೇಸರ ಬರುತ್ತದೆ. ಪಾದ ನೋಡಿ. ಕತ್ತನ್ನು ಕೆಳಕ್ಕೆ ಎಳೆಯುವುದು ಎದುರಾಳಿಯ ಭಾರ ಮುಂಗಾಲಿಗೆ ಬರಲೆಂದು. ಅವನ ಒಂದು ಪಾದದ ಹಿಮ್ಮಡಿ ಮೇಲೆದ್ದ ಗಳಿಗೆಯಲ್ಲೇ ದಾಳಿ ಬೀಳುತ್ತದೆ. ಎರಡು ಪಾದವೂ ಒಂದೇ ಗೆರೆಗೆ ಬಂದವನನ್ನು ಹಿಂದಕ್ಕೆ ತಳ್ಳುವುದು ಸುಲಭ, ಒಂದರ ಹಿಂದೆ ಒಂದು ಇಟ್ಟವನನ್ನು ಪಕ್ಕಕ್ಕೆ ಎಳೆಯುವುದು ಸುಲಭ. ಹತ್ತು ಜೋಡಿ ಹೀಗೆ ನೋಡಿದರೆ ಹನ್ನೊಂದನೆಯದರಲ್ಲಿ ದಾಳಿ ಯಾವ ಕಡೆಯಿಂದ ಎಂದು ಮೊದಲೇ ಊಹಿಸಬಹುದು.

ಕುಸ್ತಿಯ ಎರಡು ಪಟ್ಟುಗಳನ್ನು ಗುರುತಿಟ್ಟುಕೊಂಡರೆ ಮೊದಲ ದಿನಕ್ಕೆ ಸಾಕು. ಧೋಬಿ ಪಛಾಡ್: ಎದುರಾಳಿಯ ತೋಳನ್ನು ಹಿಡಿದು, ಅವನಿಗೆ ಬೆನ್ನು ಕೊಟ್ಟು ಒಳಗೆ ತಿರುಗಿ, ಸೊಂಟವನ್ನು ಅವನ ಸೊಂಟಕ್ಕಿಂತ ಕೆಳಗೆ ಇಳಿಸಿ, ಅಗಸರು ಕಲ್ಲಿಗೆ ಬಟ್ಟೆ ಎತ್ತಿ ಬಡಿದ ಹಾಗೆ ಹೆಗಲ ಮೇಲಿಂದ ಎಸೆಯುವುದು. ಇದು ಕೆಡುವುದು ದೂರದಿಂದ ತಿರುಗಿದಾಗ. ಇಬ್ಬರ ನಡುವೆ ಗೇಣು ಜಾಗ ಉಳಿದರೂ ಎದುರಾಳಿ ಸೊಂಟ ಹಿಂದಕ್ಕೆ ಎಳೆದುಕೊಂಡು, ಬೆನ್ನಿಗೆ ಬಿದ್ದು ಸವಾರಿ ಕೂರುತ್ತಾನೆ. ಕಲಾಜಂಗ್: ಒಂದು ತೋಳನ್ನು ಎಳೆದು ಹಿಡಿದು, ಆ ಕಂಕುಳಿನ ಕೆಳಗೆ ತಲೆ ನುಗ್ಗಿಸಿ, ಇನ್ನೊಂದು ಕೈಯನ್ನು ತೊಡೆಗಳ ನಡುವೆ ಹಾಕಿ, ಎರಡೂ ಹೆಗಲ ಮೇಲೆ ಅಡ್ಡಲಾಗಿ ಹೊತ್ತು ಪಕ್ಕಕ್ಕೆ ಉರುಳಿಸುವುದು. ಇಲ್ಲಿ ತೋಳಿನ ಹಿಡಿತ ಸಡಿಲವಾದರೆ ಮೇಲಿದ್ದವನು ಭಾರ ಬಿಟ್ಟು ಹೊತ್ತವನನ್ನೇ ಮುಖವಡಿ ಮಾಡುತ್ತಾನೆ. ಕಲಾಜಂಗ್ ಸರಿಯಾಗಿ ಬಿದ್ದರೆ ಎದುರಾಳಿ ನೇರ ಬೆನ್ನ ಮೇಲೆ ಬೀಳುತ್ತಾನೆ, ಚಿತ್ ಅಲ್ಲೇ. ಅದಕ್ಕೇ ಜನ ಎದ್ದು ನಿಲ್ಲುತ್ತಾರೆ.

ಒಬ್ಬ ಬೋರಲು ಮಲಗಿ, ಇನ್ನೊಬ್ಬ ಮೇಲೆ ಕುಳಿತ ಸ್ಥಿತಿ ಎಷ್ಟೋ ನಿಮಿಷ ಹಾಗೇ ನಿಲ್ಲುತ್ತದೆ. ಜನ ಕೂಗುತ್ತಾರೆ. ಆದರೆ ಅಲ್ಲಿಯೂ ಕೆಲಸ ನಡೆಯುತ್ತಿರುತ್ತದೆ: ಮೇಲಿದ್ದವನು ಕೆಳಗಿದ್ದವನ ಒಂದು ಮೊಣಕೈಯನ್ನು ಮೈಯಿಂದ ಬಿಡಿಸಲು ನೋಡುತ್ತಿರುತ್ತಾನೆ. ಮೊಣಕೈ ಪಕ್ಕೆಗೆ ಅಂಟಿರುವವರೆಗೆ ಮಗುಚಲಾಗದು. ಅದು ಬಿಟ್ಟ ಕ್ಷಣ ಕೈ ಒಳಗೆ ಹೋಗುತ್ತದೆ, ಭುಜ ಮೇಲೇಳುತ್ತದೆ. ಪೈಲ್ವಾನರ ಕಿವಿಯನ್ನೂ ಗಮನಿಸಿ. ಹಳಬರ ಕಿವಿ ಮಡಿಚಿ ಗಂಟುಕಟ್ಟಿರುತ್ತದೆ. ತಿಕ್ಕಾಟದಲ್ಲಿ ಚರ್ಮದ ಕೆಳಗೆ ರಕ್ತ ಹೆಪ್ಪುಗಟ್ಟಿ ಗಟ್ಟಿಯಾದದ್ದು ಅದು, ವರ್ಷಗಟ್ಟಲೆ ಮಾಡಿದ ಸಾಮಿನ, ಅಂದರೆ ಗರಡಿಯ ಕಸರತ್ತಿನ, ಗುರುತು.

ದಸರೆಯಲ್ಲಿ ಮ್ಯಾಟ್ ಮೇಲಿನ ಪಾಯಿಂಟ್ ಕುಸ್ತಿಯೂ ಇರುತ್ತದೆ. ದಸರಾ ಕಂಠೀರವ, ದಸರಾ ಕೇಸರಿ, ದಸರಾ ಕುಮಾರ, ಹೆಣ್ಣುಮಕ್ಕಳಿಗೆ ದಸರಾ ಕಿಶೋರಿ ಪ್ರಶಸ್ತಿಗಳು. ಇಲ್ಲಿ ಲೆಕ್ಕ ಬೇರೆ. ಫ್ರೀಸ್ಟೈಲ್‌ನಲ್ಲಿ ಮೂರು ಮೂರು ನಿಮಿಷದ ಎರಡು ಸುತ್ತು, ನಡುವೆ 30 ಸೆಕೆಂಡು ಬಿಡುವು. 9 ಮೀಟರ್ ಅಡ್ಡಳತೆಯ ವೃತ್ತದಿಂದ ಎದುರಾಳಿ ಹೊರಗೆ ಕಾಲಿಟ್ಟರೆ 1 ಅಂಕ, ಕೆಡವಿ ಹಿಂದೆ ಹೋಗಿ ಹಿಡಿತ ಸಾಧಿಸಿದರೆ 2, ಬೆನ್ನನ್ನು ಮ್ಯಾಟಿನ ಕಡೆ ತಿರುಗಿಸಿದರೆ 2, ನಿಂತ ಸ್ಥಿತಿಯಿಂದ ನೇರ ಬೆನ್ನ ಮೇಲೆ ಎಸೆದರೆ 4. ಹತ್ತು ಅಂಕದ ಅಂತರವಾದರೆ ಪಂದ್ಯ ಅಲ್ಲಿಗೇ ನಿಲ್ಲುತ್ತದೆ. ಭುಜ ಎರಡೂ ತಾಗಿದರೆ ಅಂಕ ಎಷ್ಟೇ ಇರಲಿ, ಗೆಲುವು. ಅಂಕ ಸಮನಾದಾಗ ದೊಡ್ಡ ಪಟ್ಟು ಹಾಕಿದವರು ಯಾರು ಎಂದು ಮೊದಲು ನೋಡುತ್ತಾರೆ, ಅದೂ ಸಮವಾಗಿ ಎಚ್ಚರಿಕೆಗಳೂ ಸಮವಾದರೆ ಕೊನೆಯ ಅಂಕ ಪಡೆದವರು ಗೆಲ್ಲುತ್ತಾರೆ. 5-5 ಇದ್ದರೂ ಒಬ್ಬರ ಕೈ ಎತ್ತುವುದು ಹೊಸಬರಿಗೆ ಅನ್ಯಾಯದಂತೆ ಕಾಣುವುದು ಇದು ತಿಳಿಯದೆ. ಮಟ್ಟಿಯಲ್ಲಿ ಪಳಗಿದ ಹುಡುಗರು ಮ್ಯಾಟಿಗೆ ಬಂದಾಗ ಎಡವುವುದು ವೇಗದಲ್ಲಿ. ಮಣ್ಣಿನಲ್ಲಿ ಕಾಲು ಹೂತು ನಿಲ್ಲುತ್ತದೆ, ಮ್ಯಾಟಿನಲ್ಲಿ ಕ್ಷಣಕ್ಕೊಂದು ಹೆಜ್ಜೆ ಬೇಕು.

ಕುಸ್ತಿ ಮುಗಿಯುವ ಹೊತ್ತಿಗೆ ಕತ್ತಲಾಗುತ್ತದೆ. ಅಲ್ಲಿಂದ ಅರಮನೆಯವರೆಗೆ ನಡೆದೇ ಹೋಗಿ, ದೀಪ ನೋಡಿ, ದಾರಿಯಲ್ಲಿ ಚುರುಮುರಿ ತಿನ್ನಿ. ವಾಹನ ತೆಗೆದರೆ ಅರ್ಧ ಕಿಲೋಮೀಟರಿಗೆ ಅರ್ಧ ಗಂಟೆ.

ಭಾನುವಾರ ಬೆಳಿಗ್ಗೆ ಆರಕ್ಕೆ ಒಂದು ಗರಡಿ ಮನೆಗೆ ಹೋಗಿ. ಹಳೆಯ ಬಡಾವಣೆಗಳಲ್ಲಿ ಇನ್ನೂ ನಡೆಯುವ ಗರಡಿಗಳಿವೆ. ಹಿಂದಿನ ದಿನವೇ ಉಸ್ತಾದರನ್ನು ಕೇಳಿ ಒಪ್ಪಿಗೆ ಪಡೆಯಿರಿ. ಬಾಗಿಲು ತಗ್ಗಾಗಿರುತ್ತದೆ, ತಲೆ ಬಾಗಿಸಿಯೇ ಒಳಗೆ ಹೋಗಬೇಕು. ಚಪ್ಪಲಿ ಹೊರಗೆ, ಆಂಜನೇಯನಿಗೆ ಕೈಮುಗಿದು ಗೋಡೆಯ ಬದಿ ನಿಲ್ಲಿ. ಮಟ್ಟಿಗೆ ಕಾಲಿಡಬೇಡಿ, ಗದೆ ಎತ್ತಿ ಫೋಟೊ ತೆಗೆಸಿಕೊಳ್ಳುವ ಆಸೆ ಇದ್ದರೆ ಕೇಳಿ ಮುಟ್ಟಿ. ಹೆಣ್ಣುಮಕ್ಕಳು ಬರುವ ವಿಚಾರದಲ್ಲಿ ಒಂದೊಂದು ಗರಡಿಯ ಪದ್ಧತಿ ಒಂದೊಂದು, ಅದನ್ನೂ ಮೊದಲೇ ಕೇಳಿಕೊಳ್ಳಿ. ಮ್ಯಾಟಿನ ಮೇಲೆ ಹೆಣ್ಣುಮಕ್ಕಳು ಇಷ್ಟು ಚೆನ್ನಾಗಿ ಆಡುತ್ತಿರುವಾಗ ಮಟ್ಟಿಯ ಬಾಗಿಲೂ ಪೂರ್ತಿ ತೆರೆಯಬೇಕು ಅನ್ನುವುದು ನನ್ನ ಅಭಿಪ್ರಾಯ. ಮುಂಜಾನೆ ಕಾಣುವುದು ಕುಸ್ತಿಗಿಂತ ಹೆಚ್ಚಾಗಿ ಸಾಮು: ನೂರಾರು ದಂಡೆ, ಬಸ್ಕಿ, ಆಮೇಲೆ ಮಟ್ಟಿ ಅಗೆಯುವುದು. ಗುದ್ದಲಿ ಹಿಡಿದು ಮಣ್ಣು ತಿರುವುವುದೂ ಕಸರತ್ತೇ, ಬೆನ್ನು ಮತ್ತು ಹಿಡಿತ ಬಲಿಯುವುದು ಅಲ್ಲಿ.

ಬರಿಗೈಯಲ್ಲಿ ಹೋಗುವ ಬದಲು ಬಾದಾಮಿ ತಂಡಾಯಿ ಮಾಡಿಕೊಂಡು ಹೋದರೆ ಹುಡುಗರಿಗೆ ಖುಷಿ. ಎಂಟು ಲೋಟಕ್ಕೆ ಎಂಬತ್ತು ಬಾದಾಮಿ, ನಾಲ್ಕು ಚಮಚ ಗಸಗಸೆ ರಾತ್ರಿಯೇ ಬೇರೆ ಬೇರೆ ನೆನೆಸಿ. ಬಾದಾಮಿ ಸಿಪ್ಪೆ ಸುಲಿದು, ಗಸಗಸೆ, ಎರಡು ಚಮಚ ಸೋಂಪು, ಎಂಟು ಏಲಕ್ಕಿ, ಅರ್ಧ ಚಮಚ ಕಾಳುಮೆಣಸಿನ ಜೊತೆ ಸ್ವಲ್ಪ ಸ್ವಲ್ಪವೇ ಹಾಲು ಹಾಕುತ್ತಾ ನುಣ್ಣಗೆ ರುಬ್ಬಿ. ಗಸಗಸೆ ಒರಳಿನಲ್ಲಿ ಬೇಗ ನುಣ್ಣಗಾಗುತ್ತದೆ. ಮಿಕ್ಸಿಯಲ್ಲಾದರೆ ಬಾದಾಮಿಗೆ ಮೊದಲು ಗಸಗಸೆಯನ್ನಷ್ಟೇ ರುಬ್ಬಿ, ಒಟ್ಟಿಗೆ ಹಾಕಿದರೆ ತರಿತರಿಯಾಗಿ ಉಳಿದು ತಳಕ್ಕೆ ಕೂರುತ್ತದೆ. ಕಾಯಿಸಿ ಆರಿಸಿದ ಎರಡು ಲೀಟರ್ ಹಾಲಿಗೆ ಬೆರೆಸಿ, 150 ಗ್ರಾಂ ಕಲ್ಲುಸಕ್ಕರೆ ಪುಡಿ ಹಾಕಿ. ಬಿಸಿ ಹಾಲಿಗೆ ಬೆರೆಸಿದರೆ ಗಟ್ಟಿಯಾಗಿ ಗಂಟಲಿಗೆ ಅಂಟುತ್ತದೆ. ಸಾಮು ಮುಗಿದು ಉಸಿರು ಹದಕ್ಕೆ ಬಂದ ಮೇಲೆಯೇ ಕೊಡಬೇಕು, ನಡುವೆ ಕೊಟ್ಟರೆ ಹೊಟ್ಟೆ ತೊಳೆಸುತ್ತದೆ. ಗರಡಿಯಿಂದ ವಾಪಸಾಗುವಾಗ ನಜರಬಾದಿನ ಮೈಲಾರಿಯಲ್ಲಿ ಬೆಣ್ಣೆ ದೋಸೆ ತಿನ್ನಿ. ಸರದಿ ದೊಡ್ಡದಿರುತ್ತದೆ, ಎಂಟೂವರೆ ದಾಟಿದರೆ ಇನ್ನೂ ದೊಡ್ಡದು.

ವಿಜಯದಶಮಿಗೆ ಮತ್ತೆ ಸೇರುವುದಾದರೆ ಅಂದು ಬೆಳಿಗ್ಗೆಯದು ವಜ್ರಮುಷ್ಟಿ ಕಾಳಗ. ಇದು ಅರಮನೆಯ ಒಳ ತೊಟ್ಟಿಯಲ್ಲಿ, ರಾಜಮನೆತನದವರ ಮುಂದೆ ನಡೆಯುತ್ತದೆ. ಒಳಗೆ ಹೋಗಲು ಆಹ್ವಾನವಿರಬೇಕು, ಉಳಿದವರಿಗೆ ಟಿ.ವಿ.ಯೇ ಗತಿ. ತಲೆ ಬೋಳಿಸಿಕೊಂಡ ನಾಲ್ವರು ಜಟ್ಟಿಗಳು, ಎರಡು ಜೋಡಿ. ಬಲಗೈ ಬೆರಳುಗಳಿಗೆ ಮೊನೆಗಳಿರುವ ವಜ್ರಮುಷ್ಟಿ. ಜಟ್ಟಿಗಳ ಕುಲದೇವತೆ ನಿಂಬಜಾದೇವಿಗೆ ಪೂಜೆ, ಕೆಮ್ಮಣ್ಣಿನ ಕಣ, ಎರಡೂ ಜೋಡಿ ಒಟ್ಟಿಗೇ ಶುರು. ತಲೆಯಿಂದ ರಕ್ತ ಚಿಮ್ಮಿದೊಡನೆ ಉಸ್ತಾದರು ಬಿಡಿಸುತ್ತಾರೆ. ಒಂದು ನಿಮಿಷವೂ ಹಿಡಿಯದೆ ಮುಗಿದುಹೋಗುವುದೇ ಹೆಚ್ಚು, ಕಾಫಿ ತರಲು ಎದ್ದು ಹೋದರೆ ತಪ್ಪಿತು. ಇಲ್ಲಿಯೂ ಪಾದ ನೋಡುವ ಪಾಠ ನಡೆಯುತ್ತದೆ: ಎಡಗೈ ಎದುರಾಳಿಯ ಬಲ ಮಣಿಕಟ್ಟನ್ನು ಹುಡುಕುತ್ತದೆ, ಅದು ಸಿಕ್ಕವನು ಹೆಜ್ಜೆ ಒಳಗಿಟ್ಟು ಹೊಡೆಯುತ್ತಾನೆ.

ಈ ಕಾಳಗದ ಬೇರು ಮೈಸೂರಿಗಿಂತ ಹಳೆಯದು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಮಲ್ಲವಿನೋದಕ್ಕೆಂದೇ ಒಂದು ಭಾಗವಿದೆ, ಮಲ್ಲರನ್ನು ಹೇಗೆ ಸಾಕಬೇಕು ಅನ್ನುವುದೂ ಅದರಲ್ಲಿದೆ. ವಿಜಯನಗರದ ಮಹಾನವಮಿಯನ್ನು ವರ್ಣಿಸಿದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಕೈಯಲ್ಲಿ ಮೊನೆಗಳುಳ್ಳ ಬಳೆ ಹಿಡಿದು ಒಬ್ಬರನ್ನೊಬ್ಬರು ಗಾಯಗೊಳಿಸುವ ಜಟ್ಟಿಗಳನ್ನು, ಹೆಚ್ಚು ಗಾಯಗೊಂಡವನು ರೇಷ್ಮೆ ವಸ್ತ್ರ ಪಡೆಯುವುದನ್ನು ಬರೆದಿದ್ದಾನೆ. ಆ ಮಹಾನವಮಿಯ ಪರಂಪರೆಯನ್ನು 1610ರಲ್ಲಿ ರಾಜ ಒಡೆಯರು ಶ್ರೀರಂಗಪಟ್ಟಣದಲ್ಲಿ ಮುಂದುವರಿಸಿದರು. ಐನೂರು ವರ್ಷದ ಹಿಂದೆ ಹಂಪಿಯಲ್ಲಿ ಕಂಡ ಆಯುಧವನ್ನು ಇಂದು ಬೆಳಗಿನ ಟಿ.ವಿ.ಯಲ್ಲಿ ನೋಡುತ್ತೇವೆ ಅನ್ನುವುದನ್ನು ನೆನೆದಾಗಲೆಲ್ಲ ಮೈ ಜುಮ್ಮೆನ್ನುತ್ತದೆ.

ವಿಜಯದಶಮಿಯ ಮಧ್ಯಾಹ್ನ ಜಂಬೂಸವಾರಿಗೆ ಹೋಗುವವರು ಬೇಗ ಉಂಡು, ರಸ್ತೆಗಳು ಮುಚ್ಚುವ ಮೊದಲೇ ಜಾಗ ಹಿಡಿಯಬೇಕು. ಅಂದಿನ ಊಟಕ್ಕೆ ಹೋಳಿಗೆ ಮಾಡುವುದಾದರೆ ಹೂರಣವನ್ನು ಹಿಂದಿನ ರಾತ್ರಿಯೇ ರುಬ್ಬಿಡಿ, ಕಣಕ ಮಾತ್ರ ಬೆಳಿಗ್ಗೆ ಕಲಸಿ ಎರಡು ಗಂಟೆ ಎಣ್ಣೆಯಲ್ಲಿ ನೆನೆಯಲು ಬಿಡಿ. ಬೇಳೆ ಬಸಿದ ಕಟ್ಟನ್ನು ಚೆಲ್ಲಬೇಡಿ, ಒಬ್ಬಟ್ಟಿನ ಸಾರಿಗೆ ಅದೇ ಬೇಕು.